ಮೇಣದೊಳಗಿನ ನಗು

ಜೇಡರ ಬಲೆಯ ಹಿಂದೆ ಇರ್ಮಾ ಉಸಿರು ಬಿಗಿಹಿಡಿದು ನಿಂತಳು. ಬಲೆ ರಬ್ಬರಿನದು, ಗೋಡೆ ಹಲಗೆಯದು. ಆಚೆಯಿಂದ ಕೇಳಿಬರುತ್ತಿದ್ದ ಮಾತು ಮಾತ್ರ ಅಸಲಿ.

“ಇನ್ನೂ ಇಟ್ಕೊಂಡಿದ್ದೀಯೇನೋ ಅದನ್ನ?” ಗೊರಿಲ್ಲಾ ವೇಷದ ಗಸ್ ಕೇಳುತ್ತಿದ್ದ.

“ಆ ನಗು ಮತ್ತೆ ಸಿಗುತ್ತೇನೋ?” ಇದು ಅವಳ ಗಂಡ ಲ್ಯಾಂಬರ್ಟ್, ಚಿತ್ರದ ಧ್ವನಿಮುದ್ರಕ. “ಸೋಮವಾರ ಅಚ್ಚಿಗೆ ಕಳಿಸ್ತೀನಿ. ಕಂಪನಿಯವ್ರು ಅಂತೂ ಒಪ್ಪಿದ್ರು.”

“ಹೆಂಡ್ತಿಗೆ ಗೊತ್ತಾ?”

“ಇಲ್ಲ ಮಾರಾಯ. ಈಗ ಹೇಳಿದ್ರೆ ಅವಳು ತಡ್ಕೊಳ್ಳಲ್ಲ.”

ಇರ್ಮಾಳ ಕೈಯ ಸೂಜಿ ಅವಳ ಬೆರಳನ್ನೇ ಚುಚ್ಚಿತು.

ಹಾಲಿವುಡ್ಡಿನಲ್ಲಿ ಆ ವರ್ಷ ಕಂಪನಿಗೊಂದು ಭೂತಬಂಗಲೆ ಎದ್ದಿತ್ತು. ಜನ ಹೆದರಬೇಕು, ಹೆದರಿದ್ದಕ್ಕೆ ತಾವೇ ನಗಬೇಕು. ಈ ಬಂಗಲೆಯ ನಾಯಕಿ ವರ್ನಾಗೆ ಇಪ್ಪತ್ತೆರಡು. ಅವಳು ಚೀರಿದರೂ ನಕ್ಕರೂ ಹೂದಾನಿಯಲ್ಲಿ ಬಚ್ಚಿಟ್ಟ ಮೈಕು ಹಿಡಿಯುತ್ತಿತ್ತು. ಗಾಜಿನ ಗೂಡಿನಲ್ಲಿ ಲ್ಯಾಂಬರ್ಟ್ ಕಣ್ಣು ಮುಚ್ಚಿ ಕೇಳುತ್ತಿದ್ದ.

ಇರ್ಮಾಳೂ ಒಂದು ಕಾಲಕ್ಕೆ ನಾಯಕಿಯೇ, ಮೂಕಚಿತ್ರಗಳಲ್ಲಿ. ಚಿತ್ರಗಳಿಗೆ ಮಾತು ಬಂದಾಗ ಕಂಪನಿ ಅವಳ ದನಿಯನ್ನು ಪರೀಕ್ಷಿಸುವ ಗೋಜಿಗೂ ಹೋಗದೆ ಕೈಗೆ ಸೂಜಿದಾರ ಕೊಟ್ಟಿತು; ತನ್ನ ದನಿ ಯಂತ್ರದಲ್ಲಿ ಹೇಗಿರುತ್ತದೆಂದು ಅವಳು ಕೇಳಿಯೇ ಇರಲಿಲ್ಲ.

“ಸೊಂಟ ಇನ್ನೊಂಚೂರು ಬಿಗಿ ಮಾಡಮ್ಮ,” ಎಂದಿದ್ದಳು ವರ್ನಾ ಅಂದು ಬೆಳಿಗ್ಗೆ. “ನಿನ್ ಗಂಡನಿಗೆ ನನ್ ದನಿ ಸಾಕು. ನೋಡೋರು ಬೇರೆ ಇದಾರೆ.”

ಜನವರಿಯಲ್ಲಿ ಗಂಟಲುಮಾರಿ ಆರು ವರ್ಷದ ಮಗಳು ಪಾಲಿಯನ್ನು ಕೊಂಡೊಯ್ದ ಮೇಲೆ ಇರ್ಮಾ ನಕ್ಕಿರಲಿಲ್ಲ. ಭಾನುವಾರದ ಪ್ರಾರ್ಥನೆಗೂ ತುಟಿ ಬಿಚ್ಚುತ್ತಿರಲಿಲ್ಲ. ಹೆಂಡತಿ ನಗದ ಮನೆಯ ಗಂಡಸು ನಗುವನ್ನು ಹೊರಗೆ ಹುಡುಕುತ್ತಾನೆ. ಇದ್ದ ಒಂದನ್ನು ದೇವರು ಕರೆದುಕೊಂಡ. ಉಳಿದ ಒಂದನ್ನು ಈ ವರ್ನಾ ಕರೆದುಕೊಳ್ಳುತ್ತಾಳೋ?

ಊಟದ ಹೊತ್ತಿಗೆ ಬಂಗಲೆ ಬರಿದಾಯಿತು. ಇರ್ಮಾ ಗೂಡಿನ ಕಪಾಟು ತೆರೆದಳು. ಹತ್ತಿಯಲ್ಲಿ ಸುತ್ತಿದ, ದನಿ ಕೆತ್ತಿದ ಮೇಣದ ತಟ್ಟೆ. ಮೆದು ಮೇಣ; ಅಚ್ಚೊತ್ತಿ ಗಟ್ಟಿ ಪ್ರತಿ ತೆಗೆಯುವವರೆಗೆ ಮುಳ್ಳು ಒಮ್ಮೆ ಓಡಿದರೂ ಗೆರೆ ಸವೆಯುತ್ತದೆ. ಅದಕ್ಕೇ ಅವನು ಅದನ್ನು ಎಂದೂ ನುಡಿಸಿರಲಿಲ್ಲ. ಕಪಾಟು ತೆರೆದು ನೋಡಿ, ಮುಚ್ಚಿಡುತ್ತಿದ್ದ. ಅದನ್ನೂ ಅವಳು ಕಂಡಿದ್ದಳು.

ತಟ್ಟೆಯನ್ನು ಯಂತ್ರದ ಮೇಲಿರಿಸಿ ಮುಳ್ಳಿಟ್ಟಳು. ಬಾಗಿಲು ಬಡಿದ ಸದ್ದು. ಏನೋ ದೊಪ್ಪನೆ ಬಿದ್ದ ಸದ್ದು. ಆಮೇಲೆ ಹೆಣ್ಣಿನ ನಗು: ತಡೆದಷ್ಟೂ ಉಕ್ಕುವ, ಹೊಟ್ಟೆ ಹಿಡಿದುಕೊಂಡು ನಗುವ ನಗು. ದುಃಖವೆಂದರೇನೆಂದೇ ಅರಿಯದವಳ ನಗು.

ಇರ್ಮಾ ಮುಳ್ಳನ್ನು ಕಿತ್ತೆತ್ತಿದಳು.

ಬೇಡವಾದ ಮೇಣವನ್ನು ಹೆರೆದು ಮತ್ತೆ ಹೊಸತು ಮಾಡುವ ಕೋಣೆ ಹಿತ್ತಲಲ್ಲಿತ್ತು. ದಿನವೂ ಹತ್ತಾರು ತಟ್ಟೆಗಳು ಅಲ್ಲಿಗೆ ಹೋಗುತ್ತಿದ್ದವು.

“ಇದೂನಾ ತಾಯಿ?” ಎಂದ ಹೆರೆಯುವ ಮುದುಕ.

“ಇದೂನೂ. ಬೇಡದ ದನಿ.”

ಅಲಗು ತಿರುಗಿತು. ಕೂದಲೆಳೆಯಂಥ ಮೇಣ ಸುರುಳಿ ಸುರುಳಿಯಾಗಿ ಬುಟ್ಟಿಗೆ ಬಿತ್ತು. ತಟ್ಟೆ ಕನ್ನಡಿಯಾಯಿತು, ಅದರಲ್ಲಿ ಇರ್ಮಾಳ ಮುಖವೇ ಕಂಡಿತು.

ಅದನ್ನು ತಂದು ಗಂಡನ ಮುಂದಿಟ್ಟಳು. “ತಗೋ. ನಿನ್ನ ವರ್ನಾ ಇನ್ನು ಬೇರೆಲ್ಲಾದ್ರೂ ಹೋಗಿ ನಗಲಿ.”

ಲ್ಯಾಂಬರ್ಟ್ ತಟ್ಟೆಯ ಮೇಲೆ ಬೆರಳಾಡಿಸಿದ. ಗೆರೆ ಸಿಗಲಿಲ್ಲ. ಚಿತ್ರದ ಶವಪೆಟ್ಟಿಗೆಯ ಮೇಲೆ ಹಾಗೇ ಕುಸಿದು ಕೂತ.

“ಎಲ್ಲೀವರ್ಗೆ ಕೇಳ್ದೆ?”

“ಆ ನಗೂವರ್ಗೆ. ಸಾಲ್ದಾ?”

“ವರ್ನಾ ಅಲ್ವೇ ಅದು.” ಅವನ ದನಿ ಏಳಲಿಲ್ಲ. “ಹೋದ ವರ್ಷದ ಬಂಗಲೆ. ಗಸ್ ಮೆಟ್ಟಿಲಿಂದ ಉರುಳಿದ್ನಲ್ಲ, ನೀನು ನಕ್ಕು ಇಡೀ ದೃಶ್ಯ ಕೆಡಿಸಿದ್ಯಲ್ಲ, ಅವತ್ತಿಂದು. ಆ ನಗು ನಿಂದೇ.”

ಇರ್ಮಾ ಗೋಡೆ ಹಿಡಿದುಕೊಂಡಳು. ಹಲಗೆಯ ಗೋಡೆ ಅಲುಗಾಡಿತು.

“ನಿನ್ನ ನಗು ಮುಗಿದ್ಮೇಲೆ, ಅದೇ ತಟ್ಟೇಲಿ, ಅವತ್ತು ನಿನ್ ಜೊತೆ ಬಂದಿದ್ದ ಪಾಲಿ ಕೇಳ್ತಾಳೆ: ‘ಅಮ್ಮಾ, ಪಾಪ, ಗೊರಿಲ್ಲಾಗೆ ನೋವಾಯ್ತಾ?’”