ನೀಲವ್ವನ ಮನೆಯ ಕರೆಂಟು

ಹಳೇ ಬ್ಯಾಟರಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಅಗ್ಗದ ಗಾಡಿ. ಟೈರು, ಬ್ರೇಕು, ಸೀಟು ಎಲ್ಲ ಬದಲಾಯಿಸಿದ್ದೇನೆ, ಹಟವೊಂದು ಹೋಗಿಲ್ಲ. ಯಾವ ಮನೆಯ ಕರೆಂಟು ಕುಡಿಯುತ್ತದೋ ಆ ಮನೆಯವರ ಗುಣವೇ ಗಾಡಿಗೆ ಬರುವುದಲ್ಲವೇ, ನನ್ನದೇ ಹಟ ಅದು. ತಂಗಿಯ ಮೇಲಿನ ಮುನಿಸು ಬಿಟ್ಟು ಅವಳಿಗೆ ಬರೆದ ಕಾಗದ ವರ್ಷದಿಂದ ಗಾಡಿಯ ಬುಟ್ಟಿಯಲ್ಲೇ ಇತ್ತು. ಅಂಚೆ ಡಬ್ಬಿ ಕಂಡರೆ ಸಾಕು, ಗಾಡಿ ಹಿಂದಕ್ಕೆ ತಿರುಗುತ್ತಿತ್ತು.

ಹಿಂದಿನ ದಿನ ನಮ್ಮ ಫ್ಯೂಸು ಹೋಗಿ, ಪಕ್ಕದ ನೀಲವ್ವನ ಮನೆಯಲ್ಲಿ ಚಾರ್ಜಿಗೆ ಹಾಕಿದ್ದೆ.

“ಹುಷಾರು ಅಕ್ಕಾರ, ನಮ್ಮನ್ಯಾಗ ಯಾರ ಹೊಟ್ಯಾಗೂ ಮಾತು ನಿಲ್ಲಂಗಿಲ್ಲ,” ಎಂದಳು ನೀಲವ್ವ.

“ಹಾಲಿನಂಗಡಿ ತನಕ ಅಷ್ಟ,” ಎಂದು ಹತ್ತಿದೆ.

ಗಾಡಿ ಕಂಡಕಂಡವರಿಗೆ ಬೆಲ್ಲು ಹೊಡೆಯುತ್ತ ಹಾಲಿನಂಗಡಿ ದಾಟಿ ಅಂಚೆ ಡಬ್ಬಿಯ ಮುಂದೆ ನಿಂತಿತು. ನಿಂತ ಮೇಲೂ ಬೆಲ್ಲು ನಿಲ್ಲಲಿಲ್ಲ. ಓಣಿಯೆಲ್ಲ ನೋಡುತ್ತಿತ್ತು. ಕಾಗದದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕಿದೆ.