ಹಿಮ್ಮೇಳದ ರೇಣವ್ವ

"ಹೆಣ್ಣ ಹೆಚ್ಚಂತ ಹಾಡತಿ ಮುಂಜಾನಿಂದ ನೀ ಅಣ್ಣ,
ಪಂಚಾಯ್ತಿ ಅಧ್ಯಕ್ಷಿ ನಿನ ಹೆಣತಿ, ಬಲ್ಲದು ಊರ ಜನ.
ಅಕಿ ಕುರ್ಚಿ ಮ್ಯಾಲ ಕುಂತು ಹುಕುಂ ಮಾಡವರ್ಯಾರೊ?
ಸಭಾದಾಗ ಸವಾಲ ಇಟ್ಟೇನಿ, ಉತ್ತರ ಹಾಡಿ ತೋರೊ!"

ನವಾಜ ಕೊನೆಯ ಸಾಲು ಮುಗಿಸಿ ಕೈಯಲ್ಲಿನ ದಪ್ಪಿನ ಚರ್ಮಕ್ಕೆ ಪೆಟ್ಟು ಕೊಟ್ಟದ್ದೇ ತಡ, ಅಮರಗೋಳದ ಮಾರ್ಕೆಟ್ ಶೆಡ್ಡಿಗೆ ಶೆಡ್ಡೇ ಗೊಳ್ಳೆಂದು ನಕ್ಕಿತು. ಮೆಣಸಿನಕಾಯಿ ಚೀಲಗಳ ಮೇಲೆ ಕುಳಿತ ಹಮಾಲರು ಸಿಳ್ಳೆ ಹೊಡೆದರು. ಎದುರಿಗೆ ನಿಂತ ಶಿದ್ದಪ್ಪನ ದಪ್ಪು ಮಾತ್ರ ಮೂಕಾಯಿತು.

ಗೀಗೀ ಹಾಡಿಕೆಯ ಕಟ್ಟಳೆಯೇ ಹಾಗೆ. ಹರದೇಶಿಯವರು ಗಂಡು ಹೆಚ್ಚೆಂದು ವಾದಿಸಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು. ಇಟ್ಟ ಸವಾಲಿಗೆ ಉತ್ತರ ಹಾಡಲಾಗದವರು ದಪ್ಪು ನೆಲಕ್ಕಿಟ್ಟು ಸೋತೆವೆನ್ನಬೇಕು. ನವಾಜ ಹರದೇಶಿ. ಶಿದ್ದಪ್ಪ ನಾಗೇಶಿ, ಅದೂ ಎಂಥ ನಾಗೇಶಿ! ಶಕ್ತಿ ಮುನಿದು ಸರಿದು ನಿಂತರೆ ಶಿವನಿಗೆ ಕಣ್ಣೆವೆ ಎತ್ತುವ ತ್ರಾಣವೂ ಉಳಿಯದೆಂದು ಅವನು ಹಾಡಿದರೆ ಗಂಡಸರೂ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕತೆಯೊಳಗಿನ ರಾಕ್ಷಸನ ಜೀವ ಗಿಳಿಯಲ್ಲಿರುವಂತೆ ಅವನ ಜೀವವೆಲ್ಲ ಆ ದಪ್ಪಿನಲ್ಲಿತ್ತು. ಅವನ ಬೆನ್ನ ಹಿಂದೆ ತಾಳ ಹಿಡಿದು, ಒಂಟಿ ತಂತಿಯ ತುಂತುಣಿ ಮೀಟುವ ಮೈಲಾರಿಯ ಜೊತೆ 'ಗೀಯ ಗೀಯ' ಎಂದು ಹಿಮ್ಮೇಳ ಹಾಡುತ್ತಿದ್ದವಳೇ ಅವನ ಹೆಂಡತಿ ರೇಣವ್ವ, ಊರಿನ ಪಂಚಾಯ್ತಿ ಅಧ್ಯಕ್ಷೆ.

ಮರುದಿನ ಪಂಚಾಯ್ತಿ ಸಭೆ. ತಾರಿಹಾಳದ ಕಾರ್ಖಾನೆಗಳಲ್ಲಿ ಸಂಜೆ ಪಾಳಿ ಮುಗಿಸಿ ಬರುವ ಊರ ಹುಡುಗಿಯರು, ಕತ್ತಲ ದಾರಿಗೆ ದೀಪ ಬೇಕೆಂದು ಅವಳನ್ನೇ ಹುಡುಕಿಕೊಂಡು ಬಂದಿದ್ದರು. ಹಾಕಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಅವಳ ಬದಲು ಸಭೆಗೆ ಹೋಗುತ್ತಿದ್ದ ಗಂಡ ಪ್ರತಿ ಸಲವೂ ಆ ಮಾತು ಮರೆತು ಬರುತ್ತಿದ್ದ. ಹಾಡಿಕೆಗೆ ಬರುವಾಗ ಮುಂಜಾನೆ ಬಸ್ಸಿನಲ್ಲಿ ಅವಳು, "ನಾಳಿ ಸಭಾಕ್ಕ ನಾನ ಹೋಗ್ತೇನ್ರಿ" ಎಂದಾಗ, ಅವನು ಕಿಟಕಿಯಾಚೆ ನೋಡುತ್ತಲೇ, "ನಿನಗ ಅದೆಲ್ಲಾ ತಿಳಿಯೂದಿಲ್ಲ, ಸುಮ್ಕಿರು" ಎಂದಿದ್ದ.

ಈಗ ಸುಮ್ಮನಾಗುವ ಪಾಳಿ ಅವನದಾಗಿತ್ತು. ಗಂಟಲು ಸರಿಮಾಡಿಕೊಂಡು ಏನೋ ಒಂದು ಹೊಸೆದ: "ಹೆಣ್ಣಿನ ಜೀವ ಹೂವಿನಂಥಾದ್ದು, ಬಾಡೀತಂತ ನಾ ಕುಂತೆ..."

"ಹೌದೋ ಶಿದ್ದಣ್ಣಾ!" ನವಾಜ ಹಾಡು ಬಿಟ್ಟು ಮಾತಿಗೇ ಇಳಿದ. "ಹೂವಿನಂಥಾಕಿಗೆ ಈ ಸುಡುಸುಡು ಧಗಿಯಾಗ ಮುಂಜಾನಿಂದ ತಾಳಾ ಹಿಡಿಸೀಯಲ್ಲೋ. ಆಗ ಬಾಡಲಿಲ್ಲೇನು?"

"ದಪ್ಪು ಇಡೋ ಕೆಳಗ!" ಹಮಾಲರು ಕೂಗಿದರು. ಮೆಣಸಿನಕಾಯಿ ಆರಿಸುವ ಹೆಂಗಸರ ನಡುವಿನಿಂದ ರೇಣವ್ವನ ಊರಿನವಳೇ ಆದ ಚನ್ನಬಸವ್ವ ಎದ್ದು ನಿಂತಳು. ಅವಳ ದನಿಗೆ ಮೈಕು ಬೇಕಿರಲಿಲ್ಲ. "ಏ ರೇಣವ್ವಾ! ಅವಾ ಕೇಳಿದ್ದು ನಿನ್ನ ಕುರ್ಚಿ ಸುದ್ದಿ ಹೌದಿಲ್ಲೋ? ಸೆರಗು ಹಲ್ಲಾಗ ಕಚ್ಚಿಕೊಂಡು ಎಷ್ಟೊತ್ತು ನಿಂದರ್ತಿ?"

ರೇಣವ್ವ ಕಚ್ಚಿದ ಸೆರಗು ಬಿಟ್ಟಳು. ಬಾಯಿ ಬಿಟ್ಟರೆ ಮನೆಯ ಮಾತು ಮಾರ್ಕೆಟ್ಟಿಗೆ ಬೀಳುತ್ತದೆ. ಬಿಡದಿದ್ದರೆ ಗಂಡ ಸೋಲುತ್ತಾನೆ. ಅವನೊಬ್ಬನೇ ಸೋತರೆ ಹೋಗಲಿ ಎನ್ನಬಹುದಿತ್ತು, ಅವನ ಜೊತೆಗೆ ಹೆಣ್ಣು ಹೆಚ್ಚೆಂಬ ಮಾತೂ ಇಷ್ಟು ಜನರೆದುರು ಸೋಲುತ್ತದಲ್ಲ! ಶಿದ್ದಪ್ಪ ತಲೆ ತಗ್ಗಿಸಿ ಬಾಗಿದ. ದಪ್ಪು ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಬಳೆ ತೊಟ್ಟ ಕೈಯೊಂದು ಅದನ್ನು ಎತ್ತಿಕೊಂಡಿತು. ತನ್ನ ತಾಳವನ್ನು ಗಂಡನ ಕೈಯಲ್ಲಿಟ್ಟು ರೇಣವ್ವ ಮೈಕಿನ ಮುಂದೆ ಬಂದಳು. ದಪ್ಪಿಗೆ ಎರಡು ಪೆಟ್ಟು ಕೊಟ್ಟು ಹಾಡಿದಳು:

"ಕುಂತಾವ ನನ್ನ ಗಂಡ ಖರೆ, ಕುರ್ಚಿ ನಂದಣ್ಣ,
ಹಿಂದ ನಿಂತು ನೋಡಿದಾಕಿಗೆ ಕಂಡಾದ ಎಲ್ಲಾ ಬಣ್ಣ.
ನಾಳಿ ಸಭಾಕ್ಕ ನೀನೂ ಬಾ ಬೆಳಕ ಹರಿದ ಮ್ಯಾಲ,
ಕುಂತಾಕಿ ಯಾರ ನೋಡಿ ಹೋಗು, ಮತ್ತ ಕಟ್ಟು ಸವಾಲ!"

ಕೊನೆಯ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ನುಡಿ ಮುಗಿದಂತಲ್ಲ. ಮೈಲಾರಿ ತುಂತುಣಿ ಮೀಟುವುದನ್ನೂ ಮರೆತು ಶಿದ್ದಪ್ಪನ ಮುಖ ನೋಡುತ್ತಿದ್ದ. ರೇಣವ್ವ ತಿರುಗಿ ನೋಡಲಿಲ್ಲ. ಎದುರಿನ ಹೆಂಗಸರ ಮುಖಗಳನ್ನೇ ನೋಡುತ್ತ ನಿಂತಳು. ಯಾರೂ ಎತ್ತದಿದ್ದರೆ ತಾನೇ ಎತ್ತಿಕೊಂಡರಾಯಿತು ಎಂದುಕೊಂಡು ಉಸಿರೆಳೆದುಕೊಂಡಳು.

ಹಿಂದಿನಿಂದ ತಾಳದ ಸದ್ದು ಬಂತು. ಅದರ ಬೆನ್ನಿಗೇ ಒಂದು ದೊಡ್ಡ ಗಂಟಲು ಅಂಜುತ್ತಂಜುತ್ತ ತೆರೆದುಕೊಂಡಿತು: "ಕುಂತಾಕಿ ಯಾರ ನೋಡಿ ಹೋಗು... ಗೀಯ ಗೀಯ ಗಾಗೀಯ ಗೀ..." ಹಿಮ್ಮೇಳ ಹಾಡಿ ರೂಢಿಯಿಲ್ಲದ ಗಂಟಲು, ಅಲ್ಲಲ್ಲಿ ಒಡೆಯುತ್ತಿತ್ತು. ಆದರೂ ನಿಲ್ಲಲಿಲ್ಲ. ಮೈಲಾರಿ ಗಡಬಡಿಸಿ ತುಂತುಣಿ ಹಿಡಿದ. ಹೆಂಗಸರು ಮೆಣಸಿನಕಾಯಿಯ ಕೆಂಪು ಹತ್ತಿದ ಕೈಗಳಿಂದ ಚಪ್ಪಾಳೆ ತಟ್ಟತೊಡಗಿದರು. ಎದುರಾಳಿ ನವಾಜನೇ "ಭಲೇ ನನ್ನ ತಂಗೀ!" ಎಂದು ತನ್ನ ದಪ್ಪು ಕೆಳಗಿಟ್ಟ.

ಚಪ್ಪಾಳೆ ಕೇಳಿದಷ್ಟೂ ರೇಣವ್ವನ ದನಿ ಮೇಲೇರಿತು. ಕಾರ್ಖಾನೆ ಹುಡುಗಿಯರ ಕತ್ತಲ ದಾರಿಯ ಮೇಲೊಂದು ನುಡಿ ತಾನಾಗಿಯೇ ಕಟ್ಟಿಕೊಂಡು ನಾಲಿಗೆಗೆ ಬಂತು. ಅಷ್ಟರಲ್ಲಿ ಹಿಂದಿನಿಂದ ಗಂಡ ಏದುಸಿರಿನ ನಡುವೆ ಪಿಸುಗುಟ್ಟಿದ:

"ಲೇ, ಒಂದೀಟು ಇಳಿಸಿ ಹಾಡು. ನನಗ ನಿಲುಕವಲ್ದು."

"ನೀವ ಏರಿ ಬರ್ರಿ" ಎಂದವಳೇ ರೇಣವ್ವ ಎರಡನೇ ನುಡಿ ಹಿಡಿದಳು.