ಬಸುರಿ ನೀರಾನೆಗೆ ಏಳು ಸುತ್ತು

“ಮುಟ್ಟಬೇಡ, ಬರೀ ಸುತ್ತು,” ಎಂದು ಹಜ್ಜಾ ದಹಬ್ ಸೊಸೆಯ ಬೆನ್ನಿಗೆ ತಿವಿದಳು. “ಏಳು ಸುತ್ತು. ಮಧ್ಯೆ ಬಾಯಿ ಬಿಟ್ಟೆಯೋ, ಮತ್ತೆ ಮೊದಲಿಂದ.”

ಸನೀಯಾ ಕತ್ತೆತ್ತಿ ನೋಡಿದಳು. ಕೈರೋ ಮ್ಯೂಸಿಯಂನ ಆ ದೊಡ್ಡ ಕೋಣೆಯ ನಡುವೆ, ಕಟ್ಟೆಯ ಮೇಲೆ, ಕರಿಕಲ್ಲಿನ ನೀರಾನೆಯೊಂದು ಎರಡೇ ಕಾಲಲ್ಲಿ ನಿಂತು, ತುಂಬು ಬಸುರಿನ ಹೊಟ್ಟೆಯನ್ನು ಮುಂದೆ ಚಾಚಿಕೊಂಡು ಹಲ್ಲು ಕಿರಿಯುತ್ತಿತ್ತು. ಸಾವಿರಾರು ವರ್ಷದಿಂದ ಬಸುರಿ, ಇನ್ನೂ ಹೆತ್ತಿಲ್ಲ. ತನ್ನದೇ ಮುಗಿಸಿಕೊಳ್ಳಲಾಗದವಳು ಊರವರಿಗೇನು ಉಪಕಾರ ಮಾಡಿಯಾಳು ಎಂದು ಸನೀಯಾಗೆ ಅನ್ನಿಸಿತು.

ಅತ್ತೆಯ ಮುಂದೆ ಆ ಮಾತು ಆಡುವಂತಿರಲಿಲ್ಲ. ಈ ನೀರಾನೆ ಮೊದಲು ಇದ್ದದ್ದು ಅವರೂರ ಕಬ್ಬಿನ ಗದ್ದೆಯ ಅಂಚಿನಲ್ಲಿ. ಅದಕ್ಕೆ ಏಳು ಸುತ್ತು ಹಾಕಿದ ಮೇಲೇ ಮಗ ಬಖೀತ್ ಹುಟ್ಟಿದ್ದು ಎಂದು ಹಜ್ಜಾ ಇಷ್ಟು ವರ್ಷ ಊರಿಗೆಲ್ಲ ಸಾರಿಕೊಂಡು ಬಂದಿದ್ದಳು. ಆಮೇಲೊಂದು ದಿನ ಸರ್ಕಾರದವರು ಅದನ್ನು ಲಾರಿಗೆ ಹೇರಿಕೊಂಡು ಹೋದರು. ಅಂದಿನಿಂದ ಊರಲ್ಲಿ ಯಾರ ಮನೆಯ ತೊಟ್ಟಿಲು ಖಾಲಿಯಿದ್ದರೂ ಹಜ್ಜಾ ಶಪಿಸುವುದು ಸರ್ಕಾರವನ್ನೇ.

ಈ ಸಲ ಮೂವರೂ ಕೈರೋಗೆ ಬಂದದ್ದು ಸನೀಯಾಳನ್ನು ದೊಡ್ಡ ಡಾಕ್ಟರಿಗೆ ತೋರಿಸಲು. ನಿನ್ನೆ ತೋರಿಸಿಯೂ ಆಗಿತ್ತು. “ಡಾಕ್ಟರಿಗೂ ಏನೂ ಗೊತ್ತಾಗ್ಲಿಲ್ಲಮ್ಮ,” ಎಂದು ಬಖೀತ್ ತಾಯಿಗೆ ವರದಿ ಒಪ್ಪಿಸಿದ್ದ. ಇವತ್ತು ಸಂಜೆ ಊರಿನ ರೈಲು. ಊರಿನಲ್ಲಿ, ಪಕ್ಕದ ಮನೆಯ ಶಫೀಕಾಳನ್ನು ಬಖೀತ್‌ಗೆ ಎರಡನೆಯ ಹೆಂಡತಿಯಾಗಿ ತರುವ ಮಾತು ಆಗಲೇ ಅರ್ಧ ಮುಗಿದಿತ್ತು. ಸನೀಯಾಗೆ ಉಳಿದಿದ್ದದ್ದು ಈ ನೀರಾನೆ ಒಂದೇ.

“ಏನು ಹಜ್ಜಾ, ಮೆಕ್ಕಾ ನೋಡಿ ಬಂದೋರು ಕಲ್ಲಿಗೆ ಸುತ್ತು ಹಾಕಿಸ್ತೀರಾ?” ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಒಂದು ಕಣ್ಣು ತೆರೆದ.

“ಇದು ಪೂಜೆ ಅಲ್ಲ ಮಗಾ, ಔಷಧಿ. ಕೆಮ್ಮಿಗೆ ಕಷಾಯ ಕುಡಿದ್ರೆ ಕಷಾಯದ ಭಕ್ತ ಆಗಿಬಿಡ್ತೀಯಾ?”

ಕಾವಲುಗಾರ ಯೋಚಿಸಿದ. “ಮುಟ್ಟಬಾರದು ಅಂತ ಬೋರ್ಡಿದೆ. ಸುತ್ತಬಾರದು ಅಂತ ಯಾರೂ ಬರೆದಿಲ್ಲ. ಸುತ್ತಮ್ಮ ತಾಯಿ,” ಎಂದು ತೆರೆದ ಕಣ್ಣನ್ನೂ ಮುಚ್ಚಿದ.

ಸನೀಯಾ ಸುತ್ತತೊಡಗಿದಳು. ಬಖೀತ್ ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕಂಬಕ್ಕೊರಗಿ ಕಲ್ಲಂಗಡಿ ಬೀಜ ಸುಲಿದು ತಿನ್ನುತ್ತ, ಸಿಪ್ಪೆಯನ್ನು ನಿಲುವಂಗಿಯ ಜೇಬಿಗೆ ಸೇರಿಸುತ್ತಿದ್ದ. ಎರಡನೆಯ ಸುತ್ತಿಗೆ ಪ್ರವಾಸಿಗರ ಗುಂಪೊಂದು ಒಳಗೆ ಬಂತು. ನೀರಾನೆಯನ್ನು ನೋಡುವ ಕ್ರಮವೇ ಇದು ಎಂದುಕೊಂಡರೋ ಏನೋ, ಮೂರನೆಯ ಸುತ್ತಿಗೆ ಅವರೂ ಸನೀಯಾಳ ಹಿಂದೆ ಸಾಲುಗಟ್ಟಿದರು. ಎಲ್ಲರಿಗಿಂತ ಭಕ್ತಿಯಿಂದ ನಡೆಯುತ್ತಿದ್ದವಳು ಬೆನ್ನು ಬಾಗಿದ, ಟೋಪಿ ಹಾಕಿದ ಒಬ್ಬ ಅಜ್ಜಿ.

“ಅಯ್ಯಯ್ಯೋ, ಆ ಮುದುಕಿಗೆ ಯಾರಾದ್ರೂ ಹೇಳ್ರೋ!” ಹಜ್ಜಾ ಕೆನ್ನೆಗೆ ಹೊಡೆದುಕೊಂಡಳು. “ಈ ವಯಸ್ಸಲ್ಲಿ ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆಗೆ ಬರುತ್ತೆ!”

ಸನೀಯಾಗೆ ನಗು ಉಕ್ಕಿತು. ತುಟಿ ಕಚ್ಚಿ ಹಿಡಿದಳು. ಆರನೆಯ ಸುತ್ತು ಮುಗಿಯುತ್ತಿದ್ದಾಗ ಹಜ್ಜಾ ಹತ್ತಿರ ಬಂದು, “ಇದೂ ಫಲಿಸದಿದ್ರೆ ಶಫೀಕಾ ಬರ್ತಾಳೆ. ಆಗ ನನ್ನ ದೂರಬೇಡ,” ಎಂದಳು. ಬಖೀತ್‌ಗೂ ಅದು ಕೇಳಿಸಿತು. ಅವನು ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡ.

ಆ ಬೀಜ ಒಡೆದ ಸದ್ದಿಗೆ ಸನೀಯಾಳ ಕಾಲು ನಿಂತುಬಿಟ್ಟಿತು. ನಿನ್ನೆ ಡಾಕ್ಟರು ಹೇಳಿದ್ದನ್ನು ಇವನೂ ಪಕ್ಕದಲ್ಲೇ ಕೂತು ಕೇಳಿದ್ದ: ‘ನಿನ್ನಲ್ಲಿ ಏನೂ ತೊಂದರೆ ಇಲ್ಲಮ್ಮ, ತೊಂದರೆ ಇರೋದು ಗಂಡನಲ್ಲಿ.’ ಅಮ್ಮನಿಗೆ ಹೇಳಬೇಡ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತವನೂ ಇವನೇ. ಪಾಪ ಎನಿಸಿ ಅವಳು ಒಪ್ಪಿದ್ದಳು. ಈಗ ಆ ಕನಿಕರವೆಲ್ಲ ಆರಿಹೋಗಿ ಮೈಯೆಲ್ಲ ಉರಿಯಿತು.

“ಬಖೀತ್, ಬೀಜ ತಿಂದಿದ್ದು ಸಾಕು. ಬಾ ಇಲ್ಲಿ.”

“ಮಾತಾಡಿದೆಯಲ್ಲೇ ಹಾಳಾದೋಳೇ! ಇನ್ನು ಮೊದಲಿಂದ ಸುತ್ತಬೇಕು!” ಹಜ್ಜಾ ಕಿರುಚಿದಳು.

“ಮೊದಲಿಂದಲೇ ಆಗಲಿ ಅತ್ತೆ. ಈ ಸಲ ನಿಮ್ಮ ಮಗ ಸುತ್ತಲಿ.” ಸನೀಯಾ ಗಂಡನ ಕಡೆ ತಿರುಗಿದಳು. “ಡಾಕ್ಟರ್ ಏನಂದ್ರು ಅಂತ ನೀನೇ ಹೇಳ್ತೀಯಾ, ನಾನು ಹೇಳ್ಲಾ?”

ಬಖೀತ್ ಅಮ್ಮನನ್ನು ನೋಡಿದ. ಈಗ ಎರಡೂ ಕಣ್ಣು ತೆರೆದಿದ್ದ ಕಾವಲುಗಾರನನ್ನು ನೋಡಿದ. ಟೋಪಿಯ ಅಜ್ಜಿ ದಾರಿ ಬಿಟ್ಟು, ಮೊದಲು ನೀವು ಎಂಬಂತೆ ಕೈ ತೋರಿಸಿದಳು. ಅವನು ನಿಲುವಂಗಿಯನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ತುಟಿಪಿಟಕ್ ಎನ್ನದೆ ಸುತ್ತತೊಡಗಿದ. ಜೇಬಿನಿಂದ ಸಿಪ್ಪೆ ಉದುರುತ್ತಿತ್ತು. ಗುಂಪು ಅವನನ್ನು ಹಿಂಬಾಲಿಸಿತು.

ಅತ್ತೆ ಈಗ ಎದೆ ಬಡಿದುಕೊಳ್ಳುತ್ತಾಳೆ, ಸೊಸೆಯ ಜುಟ್ಟಿಗೆ ಕೈ ಹಾಕುತ್ತಾಳೆ ಎಂದು ಸನೀಯಾ ಕಾದಳು. ಹಜ್ಜಾ ಎರಡನ್ನೂ ಮಾಡಲಿಲ್ಲ. ಮಗನ ಒಂದು ಸುತ್ತನ್ನು ಸುಮ್ಮನೆ ನೋಡಿದಳು. ಎರಡನೆಯದಕ್ಕೆ ತಡೆಯಲಾಗಲಿಲ್ಲ.

“ಓಡಬೇಡ್ವೋ, ನಿಧಾನಕ್ಕೆ ನಡಿ! ನಿಮ್ಮಪ್ಪನೂ ಹೀಗೇ ಓಡೋಡಿ ಸುತ್ತಿದ್ದಕ್ಕೇ ನೀನು ಹುಟ್ಟೋದು ಎರಡು ವರ್ಷ ತಡ ಆಗಿದ್ದು!”